ಮಳೆಗಾಲದ ಕಡಲು ಫೋಟೊದಲ್ಲಿ ಬೂದಿ ಬಳಿದ ಹಾಗೆ ಯಾಕೆ ಬರುತ್ತದೆ?

ಕೇಳಿದವರು, ಕದ್ರಿಯಿಂದ:
ಕಳೆದ ವರ್ಷ ಜೂನ್‌ನಲ್ಲಿ ನಾಲ್ಕು ಸಲ ತಣ್ಣೀರುಬಾವಿಗೆ ಹೋದೆ. ಕಣ್ಣಿಗೆ ಕಂಡ ಅಬ್ಬರ ಒಂದು ಫೋಟೊದಲ್ಲೂ ಇಲ್ಲ. ಆಕಾಶ, ನೀರು, ಮರಳು ಎಲ್ಲ ಒಂದೇ ಬೂದು ಬಣ್ಣ. ಲೆನ್ಸ್ ತುಂಬ ಉಪ್ಪಿನ ಹನಿ. ಮಿಂಚಂತೂ ಒಂದೂ ಸಿಗಲಿಲ್ಲ. ಈ ಸಲ ಎಂತ ಮಾಡಲಿ? ಅನುಭವ ಇದ್ದವರು ಹೇಳಿ.

ಕಾಪುವಿನಿಂದ:
ಮೊದಲು ಹೊತ್ತು ಬದಲಿಸಿ ಮಾರಾಯ್ರೆ. ಜಡಿಮಳೆಯಲ್ಲಿ ಹೋದರೆ ಬೂದಿಯೇ ಸಿಗುವುದು. ಬೆಳಕು ಇರುವುದು ಮಳೆ ಬಿಡುವ ಹೊತ್ತಿನಲ್ಲಿ. ನಮ್ಮ ಕಡಲು ಪಶ್ಚಿಮಕ್ಕೆ ಉಂಟಲ್ಲ, ಮೋಡಕ್ಕೂ ನೀರಿಗೂ ನಡುವೆ ಒಂದು ಸಣ್ಣ ಸೀಳು ಇದ್ದರೆ ಸಾಕು. ಸೂರ್ಯ ಅಲ್ಲಿಗೆ ಇಳಿದಾಗ ಬೆಳಕು ಅಡ್ಡಕ್ಕೆ ಬಂದು ಮೋಡದ ಹೊಟ್ಟೆಗೆ ಬಡಿಯುತ್ತದೆ. ಜೂನ್ ಕೊನೆಗೆ ಸೂರ್ಯ ಮುಳುಗುವುದು ಏಳರ ಹೊತ್ತಿಗೆ. ಆರೂವರೆಗೆ ಅಲ್ಲಿರಿ. ಮುಳುಗಿದ ಮೇಲೂ ಕಾಲು ಗಂಟೆ ಕದಲಬೇಡಿ.

ಆಗೊಮ್ಮೆ ಹಿಂದೆ ತಿರುಗಿಯೂ ನೋಡಿ. ಪೂರ್ವದಲ್ಲಿ ಕಪ್ಪು ಮೋಡ, ಅದರ ಎದುರು ಬಿಸಿಲು ಬಿದ್ದ ತೆಂಗಿನ ಮರಗಳು. ನನ್ನ ಒಳ್ಳೆಯ ಫೋಟೊಗಳಲ್ಲಿ ಅರ್ಧ ಕಡಲಿಗೆ ಬೆನ್ನು ಹಾಕಿ ತೆಗೆದದ್ದು.

ಇನ್ನೊಂದು, ಬರೀ ಅಲೆ ತೆಗೆದರೆ ಅದು ಎಷ್ಟು ದೊಡ್ಡದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಅಳತೆಗೆ ಏನಾದರೂ ಬೇಕು. ನಮ್ಮ ಲೈಟ್‌ಹೌಸ್ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. 1901ರದ್ದು, ಸುಮಾರು 27 ಮೀಟರ್ ಎತ್ತರ, ಮೈಮೇಲೆ ಕಪ್ಪು ಬಿಳಿ ಪಟ್ಟೆ. ಕೆಳಗಿನ ಬಂಡೆಗೆ ನೊರೆ ಹಾರಿದಾಗ ಅಬ್ಬರ ತಾನಾಗಿ ಕಾಣುತ್ತದೆ.

ಮಲ್ಪೆಯಿಂದ:
ಹೊತ್ತಿನ ವಿಷಯ ಸರಿ. ಕ್ಯಾಮೆರಾದ್ದೂ ತಪ್ಪಿದೆ. ಆಟೋ ವೈಟ್ ಬ್ಯಾಲೆನ್ಸ್, ಅಂದರೆ ಕ್ಯಾಮೆರಾ ತಾನೇ ಬಣ್ಣ ಹೊಂದಿಸುವ ಸೆಟ್ಟಿಂಗ್, ಇದ್ದ ಬಣ್ಣವನ್ನೂ ತೊಳೆದು ಹಾಕುತ್ತದೆ. ಡೇಲೈಟ್‌ಗೆ ಇಡಿ, ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯಿರಿ. ಎಕ್ಸ್‌ಪೋಶರ್ ಮುಕ್ಕಾಲು ಅಥವಾ ಒಂದು ಸ್ಟಾಪ್ ಕೆಳಗೆ ಇಡಿ, ಒಂದು ಸ್ಟಾಪ್ ಕೆಳಗೆ ಅಂದರೆ ಬೆಳಕು ಅರ್ಧ. ನೊರೆಯ ಬಿಳಿ ಒಮ್ಮೆ ಸುಟ್ಟು ಹೋದರೆ, ಅಂದರೆ ವಿವರ ಕಾಣದ ಬರೀ ಬಿಳಿಯಾದರೆ, ಮತ್ತೆ ಬರುವುದಿಲ್ಲ. ಕಪ್ಪಾದ ಭಾಗವನ್ನು ಆಮೇಲೆ ಎಡಿಟ್ ಮಾಡುವಾಗ ಬೆಳಗಿಸಬಹುದು.

ಅಲೆ ಒಡೆಯುವಾಗ ಶಟರ್ (ಬೆಳಕಿಗೆ ತೆರೆದಿರುವ ಹೊತ್ತು) 1/1000 ಸೆಕೆಂಡ್. ನೀರು ವಾಪಸ್ ಹೋಗುವಾಗ 1/4 ಸೆಕೆಂಡ್ ಇಟ್ಟು ನೋಡಿ, ನೊರೆ ಗೆರೆ ಗೆರೆಯಾಗಿ ಎಳೆಯುತ್ತದೆ. ಕೆಲವರು ಮೂವತ್ತು ಸೆಕೆಂಡ್ ಇಟ್ಟು ಕಡಲನ್ನು ಹಾಲು ಮಾಡುತ್ತಾರೆ. ಅಷ್ಟು ಅಬ್ಬರಿಸುವ ಕಡಲನ್ನು ಯಾಕೆ ಮಲಗಿಸಬೇಕು? ನನಗೆ ಹಿಡಿಸುವುದಿಲ್ಲ.

ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ಬೋಟ್ ಇಲ್ಲ, ಆ ಆಸೆ ಬಿಡಿ. ಬದಲಿಗೆ ಬಂದರಿನ ಕಡೆ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬಣ್ಣ ಬಣ್ಣದ ಬೋಟುಗಳು ಸಾಲಾಗಿ ಕಟ್ಟಿಕೊಂಡು ನಿಂತಿರುತ್ತವೆ. ಕಪ್ಪು ಆಕಾಶದ ಕೆಳಗೆ ಅದು ಬೇರೆಯೇ ಚಂದ.

ಉಳ್ಳಾಲದಿಂದ:
ನನ್ನ ಪೆದ್ದುತನ ಕೇಳಿ. ಸೋಮೇಶ್ವರದ ಬಂಡೆಯ ಹತ್ತಿರ ಟ್ರೈಪಾಡ್ ನಿಲ್ಲಿಸಿ, ಕಡಲಿಗೆ ಬೆನ್ನು ಹಾಕಿ ಲೆನ್ಸ್ ಒರೆಸುತ್ತಿದ್ದೆ. ಅಲ್ಲಿಯವರೆಗೆ ಬಂದದ್ದೆಲ್ಲ ಪಾದ ತೊಳೆಯುವ ಅಲೆ. ಒಂದು ಮಾತ್ರ ಸೊಂಟಕ್ಕೆ ಬಂತು. ನೀರು ಇಳಿಯುವಾಗ ಕಾಲಡಿಯ ಮರಳೂ ಹೋಯಿತು, ಟ್ರೈಪಾಡೂ ಹೋಯಿತು. ಕ್ಯಾಮೆರಾ ಸಿಕ್ಕಿತು, ಆದರೆ ಒಳಗೆ ಉಪ್ಪುನೀರು ಹೋದ ಮೇಲೆ ಸಿಕ್ಕಿ ಎಂತ ಪ್ರಯೋಜನ?

ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಸುಮ್ನೆ ಇರುತ್ತವೆ. ಆ ಸುಮ್ಮನಿರುವ ಹೊತ್ತೇ ಮೋಸ. ಈಗ ನಾನು ಮೊದಲ ಕಾಲು ಗಂಟೆ ಚೀಲವನ್ನೇ ತೆರೆಯುವುದಿಲ್ಲ. ಬಂಡೆ ಎಲ್ಲಿಯವರೆಗೆ ಒದ್ದೆ ಅಂತ ನೋಡುತ್ತೇನೆ. ಮತ್ತೆ ದೇವಸ್ಥಾನದ ಕಡೆಯ ಎತ್ತರದಿಂದ 200 ಎಂಎಂ ಲೆನ್ಸಲ್ಲಿ, ದೂರದ್ದನ್ನು ಹತ್ತಿರ ತೋರಿಸುವಂಥದ್ದರಲ್ಲಿ, ತೆಗೆಯುತ್ತೇನೆ. ದೂರದಿಂದ ತೆಗೆದರೆ ಅಲೆಗಳು ಒಂದರ ಮೇಲೊಂದು ಪೇರಿಸಿದ ಹಾಗೆ ಕಾಣುತ್ತವೆ, ಹತ್ತಿರದಿಂದ ತೆಗೆದದ್ದಕ್ಕಿಂತ ಜಾಸ್ತಿ ಭಯ ಹುಟ್ಟಿಸುತ್ತವೆ. ಹವಾಮಾನ ಇಲಾಖೆಯವರು ರೆಡ್ ಅಲರ್ಟ್ ಕೊಟ್ಟ ದಿನ ಅದೂ ಬೇಡ.

ಉರ್ವದಿಂದ:
ಉಪ್ಪಿನ ಹನಿಯನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ, ಗಾಜಿಗೆ ಗೀರು ಬೀಳುತ್ತದೆ. ಮೊದಲು ಸಿಹಿನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆ, ಆಮೇಲೆ ಒಣಬಟ್ಟೆ. ಕ್ಯಾಮೆರಾದ ಮೇಲೆ ಹಾಕಲು ಒಂದು ಬೈರಾಸು (ಟವೆಲ್) ಇರಲಿ. ಆ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮಂಜಾಗುತ್ತದೆ, ಹಾಗಾಗಿ ದಾರಿಯಲ್ಲೇ ಎಸಿ ಆಫ್ ಮಾಡಿ. ಮನೆಗೆ ಬಂದ ಮೇಲೆ ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ನಮ್ಮೂರ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಲೆನ್ಸಿಗೆ ಬಾರದೆ ಇರುತ್ತದಾ?

ಮಿಂಚಿಗೆ ಜುಲೈಯಲ್ಲಿ ಕಾದು ಪ್ರಯೋಜನ ಕಡಿಮೆ. ಗುಡುಗು ಮಿಂಚು ಜಾಸ್ತಿ ಇರುವುದು ಮಳೆಗಾಲದ ಮುಂಚೆ ಮೇಯಲ್ಲಿ, ಮತ್ತೆ ಅಕ್ಟೋಬರಲ್ಲಿ. ಅದನ್ನು ಮನೆಯೊಳಗಿನಿಂದ ಕಿಟಕಿಯಲ್ಲಿ ತೆಗೆಯಿರಿ. ಮಿಂಚಿ ಮೂವತ್ತು ಸೆಕೆಂಡ್ ಒಳಗೆ ಗುಡುಗು ಕೇಳಿಸಿದರೆ ಬಯಲಲ್ಲಿ ನಿಲ್ಲಲೇಬಾರದು.

ಕೇಳಿದವರು, ವಾರದ ನಂತರ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಕಾಪುವಿಗೆ ಹೋಗಿದ್ದೆ. ಆರೂವರೆಗೇ ತಲುಪಿದ್ದೆ, ಏಳು ಗಂಟೆಯಾದರೂ ಸೀಳು ಬಿಡಲಿಲ್ಲ. ಗೋಳಿಬಜೆ ತಿಂದು ಹೊರಟೆ. ಪಡುಬಿದ್ರಿ ಹತ್ತಿರ ಬಲಗಡೆ ನೋಡಿದರೆ ಆಕಾಶ ಇಡೀ ಕೆಂಡ! ನಾನು ಹೆದ್ದಾರಿಯಲ್ಲಿ, ಮುಂದೊಂದು ಲಾರಿ, ಕ್ಯಾಮೆರಾ ಡಿಕ್ಕಿಯಲ್ಲಿ. ಆ ಕಾಲು ಗಂಟೆಯ ಮಾತು ಆಗ ನೆನಪಾಯಿತು.