ಮೈಸೂರಿಗೆ ಯಾವಾಗ ಸ್ವಾಮಿ ಇಂಟರ್‌ನ್ಯಾಷನಲ್ ಏರ್‌ಪೋರ್ಟು?

ಕುವೆಂಪುನಗರ ಹುಡುಗ: ಮೊನ್ನೆ ಅಮ್ಮನ್ನ ಅಕ್ಕನ ಬಾಣಂತನಕ್ಕೆ ಅಬುಧಾಬಿಗೆ ಕಳಿಸ್ದೆ. ಬೆಳಗಿನ ಜಾವ ನಾಲ್ಕೂವರೆ ಫ್ಲೈಟಿಗೆ ರಾತ್ರಿ ಎಂಟಕ್ಕೇ ಫ್ಲೈಬಸ್ ಹತ್ತಿಸಬೇಕಾಯ್ತು. ಅಂಟಿನುಂಡೆ ಡಬ್ಬ ಮಡಿಲಲ್ಲಿಟ್ಟುಕೊಂಡು ಬೆಂಗಳೂರಿನ ದೇವನಹಳ್ಳಿ ಏರ್‌ಪೋರ್ಟ್ ತನಕ ನಿದ್ದೆ ಮಾಡಿಲ್ಲ ಅವರು. ಲೋಕವೆಲ್ಲ ದಸರಾ ನೋಡೋಕೆ ಬರೋ ಊರು, ನಾಲ್ವಡಿಯವರು 1940ರಲ್ಲೇ ಮಂಡಕಳ್ಳೀಲಿ ವಿಮಾನ ನಿಲ್ದಾಣ ಮಾಡಿಸಿಕೊಟ್ಟ ಊರು. ಇವತ್ತಿಗೂ ಇಲ್ಲಿಂದ ಒಂದು ವಿದೇಶಿ ಫ್ಲೈಟ್ ಇಲ್ಲ ಅಂದ್ರೆ ನಾಚಿಕೆ ಆಗಬೇಕು.

ಎಟಿಆರ್ ಪ್ರೇಮಿ: ನಾಚಿಕೆ ಆಮೇಲೆ, ಮೊದಲು ಅಳತೆ ನೋಡಿ. ಮಂಡಕಳ್ಳಿ ರನ್‌ವೇ 1,740 ಮೀಟರ್. ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್‌ಗೆ ಸಾಕು. ಜನ, ಇಂಧನ ತುಂಬಿಕೊಂಡ ಏರ್‌ಬಸ್ 320 ಗಲ್ಫಿಗೆ ಅಲ್ಲಿಂದ ಏಳಲ್ಲ. ಅದಕ್ಕೇ 2,750 ಮೀಟರಿಗೆ ಬೆಳೆಸೋ ಯೋಜನೆ ಇರೋದು. ಬೆಳೆಸೋಣ ಅಂದ್ರೆ ನಂಜನಗೂಡು ಹೈವೇ ಅಡ್ಡ, ರೈಲು ಹಳಿನೂ ಅಲ್ಲೇ. ಹೈವೇನ ರನ್‌ವೇ ಕೆಳಗೆ ತೂರಿಸಬೇಕು, ಇಲ್ಲ ಬೇರೆ ಕಡೆ ತಿರುಗಿಸಬೇಕು.

ಮದ್ದೂರ್ ವಡೆ: ತೂರ್ಸೋದಂತೆ! 2022ರ ಮಳೇಲಿ ರಾಮನಗರದತ್ರ ಹೈವೇ ಮೇಲೇ ಕಾರು ಮುಳುಗಿದ್ದು ಮರ್ತೋಯ್ತಾ? ಭೂಮಿ ಮೇಲಿನ ನೀರೇ ಆಚೆಗೆ ಓಗಲ್ಲ, ಇನ್ನು ರನ್‌ವೇ ಕೆಳಗಿಂದು ಓಗ್ತದಾ?

ಸರಸ್ವತಿಪುರಂ ಮೇಷ್ಟ್ರು: ಮೊದಲನೆಯವರಿಗೆ ಒಂದು ತಿದ್ದುಪಡಿ. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡಿದ್ದು 1940ರ ಆಗಸ್ಟ್ 3. ಆಮೇಲೆ ಪಟ್ಟಕ್ಕೆ ಬಂದವರು ಜಯಚಾಮರಾಜರು. ಸುಮ್ಮನೆ ಎಲ್ಲವನ್ನೂ ನಾಲ್ವಡಿಯವರ ಖಾತೆಗೆ ಬರೆಯಬಾರದು.

ಅರಮನೆ ಅಭಿಮಾನಿ: 'ಸುಮ್ಮನೆ' ಅಂದ್ರೇನ್ ಸಾರ್? ಕೆಆರ್‌ಎಸ್ ಸುಮ್ಮನೆ ಆಯ್ತಾ? ಅದೇ 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆ ಸೇರಿ ಬೆಂಗಳೂರಲ್ಲಿ ಎಚ್‌ಎಎಲ್ ವಿಮಾನ ಕಾರ್ಖಾನೆ ಶುರುಮಾಡಿಸಿದ್ದು ನಮ್ಮ ಸಂಸ್ಥಾನ.

ಸರಸ್ವತಿಪುರಂ ಮೇಷ್ಟ್ರು: ಎಚ್‌ಎಎಲ್ ಡಿಸೆಂಬರಿನಲ್ಲಿ. ಡಿಸೆಂಬರಿನಲ್ಲಿ ಮಹಾರಾಜರು ಯಾರಾಗಿದ್ದರು, ನೀವೇ ಹೇಳಿ.

ಮದ್ದೂರ್ ವಡೆ: ಕೆಆರ್‌ಎಸ್ ಇರೋದು ಮಂಡ್ಯ ಜಿಲ್ಲೇಲಿ ಕಣಣ್ಣೋ. ಫೋಟೋ ತೆಗ್ಸೋಕೆ ಮಾತ್ರ ಮೈಸೂರಿಂದು.

ಅರಮನೆ ಅಭಿಮಾನಿ: ಡಿಸೆಂಬರಲ್ಲಿ ಕಂಪನಿ ಶುರುವಾದ್ರೆ ಮಾತುಕತೆ ಡಿಸೆಂಬರಲ್ಲೇ ಆಯ್ತಾ? ದಿವಾನರು ಆಗಸ್ಟಿಗೆ ಮುಂಚೇನೂ ಮಿರ್ಜಾ ಇಸ್ಮಾಯಿಲ್, ಡಿಸೆಂಬರಲ್ಲೂ ಮಿರ್ಜಾ ಇಸ್ಮಾಯಿಲ್. ಮೇಷ್ಟ್ರೇ, ಪಾಠ ಮಾಡೋ ಚಟ ಬಿಡಿ.

ಸರಸ್ವತಿಪುರಂ ಮೇಷ್ಟ್ರು: ಚಟ ಅಂದಿರಿ, ಸಂತೋಷ. ವಿಮಾನ ನಿಲ್ದಾಣ ಆಗಿದ್ದು ಆಗಸ್ಟಿಗೆ ಮುಂಚೆಯೋ ಆಮೇಲೋ? ತಿಂಗಳು ಹೇಳಿ, ಸಾಕು.

ಯಲಹಂಕ ಬಾಡಿಗೆದಾರ: ಮಹಾರಾಜರ ಜಗಳ ನಿಲ್ಲಿಸ್ತೀರಾ? ದೇವನಹಳ್ಳಿಯವರ ಒಪ್ಪಂದದಲ್ಲೇ ಇದೆ, 2008ರಿಂದ 25 ವರ್ಷ, 150 ಕಿಲೋಮೀಟರ್ ಒಳಗೆ ಇನ್ನೊಂದು ಇಂಟರ್‌ನ್ಯಾಷನಲ್ ಏರ್‌ಪೋರ್ಟ್ ಮಾಡಂಗಿಲ್ಲ. ಮುಗೀತು ಕಥೆ.

ಎಟಿಆರ್ ಪ್ರೇಮಿ: ಅದೇ ವಾಕ್ಯ ಪೂರ್ತಿ ಓದಿ ಗುರು. ಮೈಸೂರು, ಹಾಸನ ಎರಡಕ್ಕೂ ವಿನಾಯಿತಿ ಇದೆ.

ಯಲಹಂಕ ಬಾಡಿಗೆದಾರ: ಓದಿದೀನಿ. ವಿನಾಯಿತಿ ಕೊಟ್ಟೂ ಇಷ್ಟು ವರ್ಷ ಏನ್ ಕಿಸಿದ್ರಿ? 2010ರಲ್ಲಿ ಹೊಸ ಟರ್ಮಿನಲ್, ಕಿಂಗ್‌ಫಿಷರ್ ಬಂತು, ಮರುವರ್ಷವೇ ಹೋಯ್ತು.

ಮಂಡಕಳ್ಳಿ ಬೇಲಿ: ನಮ್ಮೂರ ಹೆಸರು ಹೇಳೋರು ಒಬ್ಬರಾದ್ರೂ ನಮ್ಮನ್ನ ಕೇಳಿದ್ರಾ? ಅಳತೆಯೋರು ಬಂದು ನಮ್ಮ ತೋಟದ ಬದುವಿಗೆ ಕಲ್ಲು ನೆಟ್ಟು ಹೋದ್ರು. ಕಲ್ಲಿನ ಆಚೆ ಎಂಟು ತೆಂಗು, ಈಚೆ ಬಾವಿ. ಬಾವಿ ಬಿಟ್ಟು ತೆಂಗಿಗೆ ಮಾತ್ರ ದುಡ್ಡು ಕೊಟ್ರೆ ನೀರೆಲ್ಲಿಗೆ ಹಾಯಿಸಲಿ? ಮಗಳ ಮದುವೆಗೆ ಸಾಲ ಕೇಳೋಕೋದ್ರೆ ಜಮೀನು ಸ್ವಾಧೀನದಲ್ಲಿದೆ ಅಂತಾರೆ.

ಅರಮನೆ ಅಭಿಮಾನಿ: ಊರು ಬೆಳೀಬೇಕಾದ್ರೆ ಯಾರಾದ್ರೂ ಜಮೀನು ಬಿಡಲೇಬೇಕು.

ಮಂಡಕಳ್ಳಿ ಬೇಲಿ: ಆ 'ಯಾರಾದ್ರೂ' ನಿಮ್ಮ ಸೈಟಿನ ಪಕ್ಕದೋರಾಗಲಿ.

ಗೋಣಿಕೊಪ್ಪ ಕಾಫಿ: ಶಿವಮೊಗ್ಗ ನೋಡಿ. 3,200 ಮೀಟರ್ ರನ್‌ವೇ, 2023ರ ಫೆಬ್ರವರಿಲಿ ಉದ್ಘಾಟನೆ. ಆಗಸ್ಟ್ 31ಕ್ಕೆ ಬಂದ ಮೊದಲ ಫ್ಲೈಟು ಎಟಿಆರ್! ಕಣ್ಣೂರಿಗೆ 3,050 ಮೀಟರ್ ಇದೆ, ಕಸ್ಟಮ್ಸ್, ಇಮಿಗ್ರೇಷನ್ ಎಲ್ಲಾ ಇದೆ, 2018ರಲ್ಲಿ ಶುರುವಾದ ಮೊದಲ ದಿನವೇ ಅಬುಧಾಬಿಗೆ ಹಾರಿಸಿದ್ರು. ಆದರೂ ವಿದೇಶಿ ಕಂಪನಿಗಳಿಗೆ ಅಲ್ಲಿ ಇಳಿಯೋ ಅನುಮತಿ ಸಿಗದೆ ಒದ್ದಾಡಿದ್ರು. ರನ್‌ವೇ ಎಳೆದ ಮಾತ್ರಕ್ಕೆ ವಿಮಾನ ಬರಲ್ಲ.

ಕುವೆಂಪುನಗರ ಹುಡುಗ: ಒಂದ್ನಿಮಿಷ. ಕಣ್ಣೂರಿಂದ ಅಬುಧಾಬಿಗೆ ಇದೆಯಾ? ವಿರಾಜಪೇಟೆ, ಮಾಕುಟ್ಟ ಘಾಟಿ ಇಳಿದ್ರೆ ಆ ಏರ್‌ಪೋರ್ಟ್ ಇರೋ ಮಟ್ಟನೂರು ಅಲ್ವಾ?

ಗೋಣಿಕೊಪ್ಪ ಕಾಫಿ: ಹೌದು. ನಮ್ಮ ಕಡೆಯವರೆಲ್ಲ ಅಲ್ಲಿಂದಲೇ ಹೋಗೋದು. ಮಳೆಗಾಲದಲ್ಲಿ ಘಾಟಿ ರಸ್ತೆ ವಿಚಾರಿಸಿಕೊಂಡು ಹೊರಡಿ.

ಅರಮನೆ ಅಭಿಮಾನಿ: ಮೈಸೂರಿನವನಾಗಿ ಕೇರಳದ ಏರ್‌ಪೋರ್ಟಿಗೆ ಹೋಗ್ತೀಯಾ? ಥೂ.

ಕುವೆಂಪುನಗರ ಹುಡುಗ: ಅಮ್ಮ ವಾಪಸ್ ಬರೋದು ಕಾರ್ತಿಕದಲ್ಲಿ. ಮಟ್ಟನೂರಿಂದ ಮೈಸೂರಿಗೆ ಕ್ಯಾಬ್ ಎಷ್ಟಾಗುತ್ತೆ?

ಸರಸ್ವತಿಪುರಂ ಮೇಷ್ಟ್ರು: ತಿಂಗಳು ಇನ್ನೂ ಯಾರೂ ಹೇಳಿಲ್ಲ.