ಎಸ್‌ಟಿಪಿಯ ಹೈಪೋ ಡೋಸಿಂಗ್ ಪಂಪಿನಲ್ಲಿ ಸುಣ್ಣ ಕಟ್ಟಿಕೊಂಡಿದೆ: ಆಸಿಡ್ ಬಳಸಬಹುದೇ?

ಪ್ರಶ್ನೆ – ವಿದ್ಯಾರ್ಥಿನಿಲಯದ ಮೇಲ್ವಿಚಾರಕ, ಚಿಕ್ಕಬಳ್ಳಾಪುರ

ಮಾನ್ಯರೇ, ನಮ್ಮ ವಿದ್ಯಾರ್ಥಿನಿಲಯದಲ್ಲಿ ದಿನಕ್ಕೆ 40 ಸಾವಿರ ಲೀಟರ್ ಕೊಳಚೆ ನೀರನ್ನು ಶುದ್ಧೀಕರಿಸುವ ಸಣ್ಣ ಎಸ್‌ಟಿಪಿ ಇದ್ದು, ಹೊರಬರುವ ನೀರನ್ನು ಶೌಚಾಲಯದ ಫ್ಲಶ್‌ಗೂ ತೋಟಕ್ಕೂ ಬಳಸುತ್ತೇವೆ. ಆ ನೀರಿನ ರೋಗಾಣು ಕೊಲ್ಲಲು ಸೋಡಿಯಂ ಹೈಪೋಕ್ಲೋರೈಟ್ ಎಂಬ ಕ್ಲೋರಿನ್ ದ್ರಾವಣಕ್ಕೆ (ಹೈಪೋ) ಬೋರ್‌ವೆಲ್ ನೀರು ಬೆರೆಸಿ ಡ್ರಮ್ಮಿನಲ್ಲಿಟ್ಟು, ಅಳತೆಯಂತೆ ಸ್ವಲ್ಪಸ್ವಲ್ಪವೇ ಬಿಡುವ ಡೋಸಿಂಗ್ ಪಂಪಿನ ಮೂಲಕ ಬಿಡುತ್ತಿದ್ದೇವೆ. ಕೆಲವು ದಿನಗಳಿಂದ ಪಂಪ್ ಓಡುತ್ತಿದ್ದರೂ ಹೈಪೋ ಮುಂದಕ್ಕೆ ಹೋಗುತ್ತಿಲ್ಲ. ಡ್ರಮ್ಮಿನ ತಳದಲ್ಲಿಯೂ, ಹೈಪೋ ಮುಖ್ಯ ಪೈಪಿಗೆ ಸೇರುವ ಇಂಜೆಕ್ಷನ್ ವಾಲ್ವಿನಲ್ಲಿಯೂ ಬಿಳಿಯ ಸುಣ್ಣ ಕಟ್ಟಿಕೊಂಡಿದೆ. ಡ್ರಮ್ಮಿಗೇ ಸ್ವಲ್ಪ ಟಾಯ್ಲೆಟ್ ಆಸಿಡ್ ಸುರಿದು ಪಂಪ್ ಓಡಿಸಿದರೆ ಎಲ್ಲವೂ ಕರಗಿಹೋಗುತ್ತದೆ ಎಂದು ನಮ್ಮ ಪ್ಲಂಬರ್ ಹೇಳುತ್ತಾರೆ. ಅಂಗಡಿಯವರು ಈಜುಕೊಳದ ಕ್ಲೋರಿನ್ ಮಾತ್ರೆಗಳನ್ನು ಹಾಕಿ ಎನ್ನುತ್ತಾರೆ. ಎರಡರಲ್ಲಿ ಯಾವುದು ಸುರಕ್ಷಿತ?

ಉತ್ತರ – ಎಸ್‌ಟಿಪಿ ನಿರ್ವಾಹಕ, ಕೋಲಾರ

ದಯವಿಟ್ಟು ಡ್ರಮ್ಮಿಗೆ ಆಸಿಡ್ ಸುರಿಯಬೇಡಿ. ಹೈಪೋ ಮತ್ತು ಆಸಿಡ್ ಸೇರಿದ ಕ್ಷಣವೇ ಕ್ಲೋರಿನ್ ಅನಿಲ ಹೊರಬರುತ್ತದೆ. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ್ದರಿಂದ ಪಂಪ್ ಕೋಣೆಯ ನೆಲದಲ್ಲಿಯೇ ತಂಗುತ್ತದೆ, ನೆಲಮಾಳಿಗೆಯಾದರೆ ಹೊರಹೋಗಲು ದಾರಿಯೇ ಇರುವುದಿಲ್ಲ.

ಮೊದಲು ಪಂಪಿನ ಪ್ಲಗ್ ತೆಗೆದು, ಲೈನಿನ ಒತ್ತಡ ಇಳಿಸಿ, ಹೈಪೋ ಎಳೆದುಕೊಳ್ಳುವ ಸಕ್ಷನ್ ಪೈಪನ್ನು ಡ್ರಮ್ಮಿನಿಂದ ಹೊರತೆಗೆದು ಶುದ್ಧ ನೀರಿನ ಬಕೆಟ್ಟಿನಲ್ಲಿ ಇಳಿಬಿಡಿ. ನಂತರ ಪಂಪನ್ನು ಹದಿನೈದು ನಿಮಿಷವಾದರೂ ನೀರಿನಲ್ಲಿಯೇ ಓಡಿಸಿ. ಇಂಜೆಕ್ಷನ್ ವಾಲ್ವು ಪೂರ್ತಿ ಮುಚ್ಚಿಹೋಗಿದ್ದರೆ ಒತ್ತಡಕ್ಕೆ ಪೈಪು ಕಳಚಿ ಮುಖಕ್ಕೆ ಚಿಮ್ಮಬಹುದು, ಆದ್ದರಿಂದ ಓಡಿಸುವ ಮೊದಲೇ, ಪಂಪಿನಿಂದ ಹೊರಹೋಗುವ ಡೆಲಿವರಿ ಪೈಪನ್ನು ವಾಲ್ವಿನ ಕಡೆ ಬಿಚ್ಚಿ ಅದರ ತುದಿಯನ್ನು ಇನ್ನೊಂದು ಬಕೆಟ್ಟಿಗೆ ಬಿಡುವುದು ಲೇಸು. ಪಂಪಿನ ಒಳಗೆ ಹೈಪೋ ಉಳಿದಿಲ್ಲವೆಂದು ಖಚಿತವಾದ ಮೇಲೆ ಮುಖ್ಯ ಪೈಪಿನ ವಾಲ್ವು ಮುಚ್ಚಿ ಇಂಜೆಕ್ಷನ್ ವಾಲ್ವನ್ನು ಬಿಚ್ಚಿ, ಧಾರಾಳ ನೀರಿನಲ್ಲಿ ತೊಳೆದು, ಬಯಲಿನಲ್ಲಿಟ್ಟ ಬೇರೆ ಪಾತ್ರೆಯಲ್ಲಿ ವಿನೆಗರ್‌ನಲ್ಲಿ ನೆನೆಹಾಕಿ. ವಿನೆಗರ್ ಕೂಡ ಆಮ್ಲವೇ, ಅದನ್ನೂ ಹೈಪೋ ತಾಗಬಾರದು. ಅನೇಕರು ಮರೆಯುವ ಒಂದು ಸಂಗತಿಯೆಂದರೆ, ಆಮ್ಲದ ತೊಳೆನೀರು ಮತ್ತು ಹೈಪೋ ತೊಳೆನೀರು ಒಂದೇ ಚರಂಡಿಯಲ್ಲಿ ಸೇರಿದರೂ ಅಪಾಯ ಅದೇ.

ಕನ್ನಡಕ, ರಬ್ಬರ್ ಗ್ಲೌಸ್, ಏಪ್ರನ್ ಇಲ್ಲದೆ ಕೈಹಾಕಬಾರದು, ಒಬ್ಬರೇ ಮಾಡಬಾರದು. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ನೀರು ಹರಿಸಿ ವೈದ್ಯರಲ್ಲಿಗೆ ಹೋಗಬೇಕು. ಘಾಟು ಬಂದರೆ ಎಲ್ಲವನ್ನೂ ಬಿಟ್ಟು ಗಾಳಿ ಯಾವ ಕಡೆಯಿಂದ ಬೀಸಿ ಬರುತ್ತಿದೆಯೋ ಆ ಕಡೆಗೆ, ಎತ್ತರದ ಜಾಗಕ್ಕೆ ಹೊರಟುಬಿಡಿ. ಅನಿಲ ಉಸಿರಾಡಿದವರಿಗೆ ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದಾದ್ದರಿಂದ, ಆ ಹೊತ್ತಿಗೆ ಚೆನ್ನಾಗಿದ್ದಾರೆಂದು ಮನೆಗೆ ಕಳುಹಿಸಬಾರದು.

ಇಷ್ಟಾದರೂ ಮೂಲಕಾರಣ ಹೋಗುವುದಿಲ್ಲ. ಹೈಪೋ ತೀವ್ರ ಕ್ಷಾರೀಯವಾದದ್ದು. ನಮ್ಮ ಎರಡೂ ಜಿಲ್ಲೆಗಳ ಬೋರ್‌ವೆಲ್ ನೀರಿನ ಗಡಸುತನ ತಮಗೆ ಗೊತ್ತೇ ಇದೆ. ಇವೆರಡನ್ನು ಬೆರೆಸಿದಾಗ ನೀರಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೆಳಗಿಳಿಯುತ್ತದೆ. ತಾವು ಕಂಡ ಸುಣ್ಣ ಅದೇ. ಶುದ್ಧ ಕುಡಿಯುವ ನೀರಿನ ಘಟಕದಿಂದ ನಾಲ್ಕು ಕ್ಯಾನ್ ಆರ್‌ಒ ನೀರು ತಂದು ಬೆರೆಸಿದರೆ ಡ್ರಮ್ಮಿನ ಈ ಕಾಟ ಬಹುಮಟ್ಟಿಗೆ ನಿಲ್ಲುತ್ತದೆ. ಆರ್‌ಒ ಘಟಕದ ತ್ಯಾಜ್ಯ ನೀರನ್ನು ಮಾತ್ರ ತರಬೇಡಿ, ಅದು ಇನ್ನೂ ಗಡಸು.

ಉತ್ತರ – ಕಾರ್ಖಾನೆ ಸುರಕ್ಷತಾ ಸಿಬ್ಬಂದಿ, ತುಮಕೂರು

ಮಾತ್ರೆಗಳ ಬಗ್ಗೆ: ಈಜುಕೊಳದ ಮಾತ್ರೆ ಹೆಚ್ಚಾಗಿ ಟ್ರೈಕ್ಲೋರ್ ಎಂಬ ರಾಸಾಯನಿಕ. ಕೊಳಚೆ ನೀರಿನ ಮಾತ್ರೆ ಕ್ಲೋರಿನೇಟರುಗಳಿಗೆ ಸಾಮಾನ್ಯವಾಗಿ ಬಳಸುವುದು ಕ್ಯಾಲ್ಸಿಯಂ ಹೈಪೋಕ್ಲೋರೈಟ್. ನೋಟಕ್ಕೆ ಎರಡೂ ಬಿಳಿ ಬಿಲ್ಲೆಗಳೇ ಆದರೂ ಒಂದೇ ಕೊಳವೆಯಲ್ಲಿ ತೇವದೊಂದಿಗೆ ಸೇರಿದರೆ ಬೆಂಕಿ, ಸ್ಫೋಟ ಎರಡೂ ಸಂಭವಿಸಬಹುದು. ತಮ್ಮಲ್ಲಿರುವುದು ದ್ರವ ಹೈಪೋ ವ್ಯವಸ್ಥೆ, ಮಾತ್ರೆಯ ಗೊಡವೆಯೇ ಬೇಡ.

ಇನ್ನೊಂದು ಮಾತು. ಹೈಪೋ ತುಂಬಿದ ಪೈಪಿನ ಎರಡೂ ತುದಿಯ ವಾಲ್ವುಗಳನ್ನು ಮುಚ್ಚಿ ಬಿಡಬಾರದು. ಹೈಪೋ ತಾನಾಗಿಯೇ ನಿಧಾನವಾಗಿ ಒಡೆದು ಆಮ್ಲಜನಕ ಬಿಡುವುದರಿಂದ ನಡುವೆ ಒತ್ತಡ ಏರಿ ಪೈಪು ಸಿಡಿಯುತ್ತದೆ. ಪಂಪಿನ ತಲೆಯಲ್ಲಿ ಇದೇ ಅನಿಲ ಸಿಕ್ಕಿಕೊಂಡಾಗಲೂ ಪಂಪ್ ಬರಿದೇ ಓಡುತ್ತದೆ, ಆದ್ದರಿಂದ ಸುಣ್ಣ ತೆಗೆದ ನಂತರ ಏರ್ ಬಿಡುವ ಸ್ಕ್ರೂ ಸಡಿಲಿಸಿ ನೋಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಪ್ಲಂಬರನ್ನು ತಡೆದಿದ್ದೇನೆ. ದಿನಕ್ಕೆ ಎಷ್ಟು ಹೈಪೋ ಬೇಕೆಂಬುದನ್ನೂ ತಿಳಿಸುವಿರಾ? ಎಷ್ಟು ಹಾಕಿದರೂ ಕೊನೆಯ ಟ್ಯಾಂಕಿನಲ್ಲಿ ಕ್ಲೋರಿನ್ ಕಾಣುತ್ತಿರಲಿಲ್ಲ.

ಉತ್ತರ – ಎಸ್‌ಟಿಪಿ ನಿರ್ವಾಹಕ, ಕೋಲಾರ

ಲೀಟರಿಗೆ 5 ಮಿಲಿಗ್ರಾಂನಂತೆ ಹಿಡಿದರೆ 40 ಸಾವಿರ ಲೀಟರಿಗೆ 200 ಗ್ರಾಂ ಕ್ಲೋರಿನ್, ಅಂದರೆ ಶೇ. 10ರ ಹೈಪೋ 2 ಲೀಟರ್ ಆಗುತ್ತದೆ. ಇದು ಆರಂಭದ ಅಂದಾಜು ಮಾತ್ರ. ಅರ್ಧ ಗಂಟೆ ಸಂಪರ್ಕವಾದ ನಂತರ ಕೊನೆಯಲ್ಲಿ ಪರೀಕ್ಷಿಸಿ ಏರಿಳಿಸಬೇಕು. ಹೈಪೋ ಬಿಸಿಲಿಗೂ ಸೆಕೆಗೂ ಶಕ್ತಿ ಕಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ಶೇಖರಿಸದೆ ನೆರಳಿನಲ್ಲಿಟ್ಟು ಬೇಗ ಮುಗಿಸಿ.

ಕ್ಲೋರಿನ್ ಉಳಿಯದಿರುವುದಕ್ಕೆ ಎರಡು ಕಡೆ ನೋಡಿ. ಕೊಳಚೆ ನೀರಿಗೆ ಗಾಳಿ ಊದುವುದು (ಏರೇಷನ್) ಸರಿಯಿಲ್ಲದೆ ಅಮೋನಿಯಾ ಉಳಿದಿದ್ದರೆ ಅದು ಕ್ಲೋರಿನ್ನನ್ನು ನುಂಗುತ್ತದೆ. ಆಗ ಡೋಸ್ ಹೆಚ್ಚಿಸುವುದಕ್ಕಿಂತ ಗಾಳಿ ಊದುವ ಯಂತ್ರವಾದ ಬ್ಲೋವರ್ ನೋಡುವುದೇ ಸರಿ. ಮತ್ತೊಂದು, ಹೈಪೋ ಬೀಳುವ ಜಾಗ ಕಾರ್ಬನ್ ಫಿಲ್ಟರಿಗಿಂತ ಮುಂಚೆಯೇ ಇದೆಯೇ? ಹಾಗಿದ್ದರೆ ತಾವು ಹಾಕಿದ್ದನ್ನೆಲ್ಲ ಕಾರ್ಬನ್ ತೆಗೆದುಬಿಡುತ್ತಿದೆ.

ಪ್ರಶ್ನೆ ಕೇಳಿದವರು

ಹೌದು, ಫಿಲ್ಟರಿಗಿಂತ ಮುಂಚೆಯೇ ಇದೆ.

ಉತ್ತರ – ಎಸ್‌ಟಿಪಿ ನಿರ್ವಾಹಕ, ಕೋಲಾರ

ಫಿಲ್ಟರ್ ದಾಟಿದ ಮೇಲೆ, ಶುದ್ಧೀಕರಿಸಿದ ನೀರಿನ ಟ್ಯಾಂಕಿಗೆ ಬೀಳುವ ಪೈಪಿಗೆ ಹೈಪೋ ಬೀಳುವ ಜಾಗವನ್ನು ಬದಲಾಯಿಸಿ. ಜೋಡಣೆಗೆ ಪಿವಿಸಿಯನ್ನೇ ಬಳಸಿ, ಹಿತ್ತಾಳೆಯ ಭಾಗಗಳನ್ನು ಹೈಪೋ ತಿಂದುಹಾಕುತ್ತದೆ.