ಇದು ಯಾವ ಊರು ಹೇಳು ನೋಡನ

(ಅಪ್ಪನ ತಲೆ ಆಪರೇಷನ್ ಆಗಿ ಏಳು ತಿಂಗಳು. ಮೆದುಳಿನ ಮುಂಭಾಗದ ರಕ್ತನಾಳವೊಂದು ಬಲೂನಿನ ಹಾಗೆ ಉಬ್ಬಿ ಒಡೆದಿತ್ತು, ಕ್ಲಿಪ್ ಹಾಕಿದ್ರು. ಕೈಕಾಲು, ಮಾತು ಎಲ್ಲಾ ನೆಟ್ಟಗಿದೆ. ಹೊಸ ವಿಷಯ ಮಾತ್ರ ತಲೇಲಿ ನಿಲ್ಲಲ್ಲ. ಕಳೆದ ಭಾನುವಾರ ನಮ್ಮ ‘ಮೇಲಿನಮನೆ ಬಳಗ’ ಗುಂಪಲ್ಲಿ ನಡೆದ ಜಗಳ ಇದು, ಎಲ್ಲರನ್ನೂ ಕೇಳಿಯೇ ಹಾಕ್ತಿದೀನಿ. ಹೆಸರುಗಳು ನನ್ನ ಫೋನಲ್ಲಿ ಸೇವ್ ಆಗಿರೋ ಹಾಗೆ. ನಡುವೆ ಬಂದ ಶುಭ ಸಂಜೆ ಹೂವುಗಳನ್ನ ಕಿತ್ತು ಹಾಕಿದೀನಿ.)

ಸಾಗರ ಚಿಕ್ಕಪ್ಪ, 4:52
(ಹಲವು ಬಾರಿ ಫಾರ್ವರ್ಡ್ ಆಗಿದೆ)
ಲಕ್ವ ಹೊಡೆದವರಿಗೆ, ಮೆದುಳಿನ ಆಪರೇಷನ್ ಆದವರಿಗೆ ಶುಭಸುದ್ದಿ!! ಮೆದುಳೂ ಒಂದು ಸ್ನಾಯು. ಬಳಸದಿದ್ದರೆ ತುಕ್ಕು ಹಿಡಿಯುತ್ತದೆ. ರೋಗಿಗೆ ದಿನಕ್ಕೆ 100 ಪ್ರಶ್ನೆ ಕೇಳಿ. ಇದು ಯಾವ ಊರು, ಇವತ್ತು ಯಾವ ವಾರ, ಬೆಳಿಗ್ಗೆ ಏನು ತಿಂಡಿ. ಉತ್ತರ ನೀವು ಹೇಳಬೇಡಿ, ಅವರೇ ತಿಣುಕಲಿ. ಜೊತೆಗೆ ಒಂದೆಲಗದ ಪುಡಿ ಜೇನಿನಲ್ಲಿ. 48 ದಿನದಲ್ಲಿ ನೆನಪು ನೂರಕ್ಕೆ ನೂರು ವಾಪಸ್. 10 ಜನಕ್ಕೆ ಕಳಿಸಿ 🙏

ಹೊಸನಗರ ಅತ್ತೆ, 4:54
🙏🙏 ಅಣ್ಣಯ್ಯಂಗೆ ಒಳ್ಳೇದಾಗ್ಲಿ. ನಮ್ಮ ತೋಟದಲ್ಲಿ ಒಂದೆಲಗ ರಾಶಿ ಇದೆ. ಒಣಗಿಸಿ ಪುಡಿ ಮಾಡಿ ಕಳಿಸ್ಲಾ ಕೂಸೇ?

ಚಿನ್ನು, 4:55
ಅಪ್ಪಾ. ಮೆದುಳು ಸ್ನಾಯು ಅಲ್ಲ.

ಸಾಗರ ಚಿಕ್ಕಪ್ಪ, 4:55
ಇದನ್ನ ಕೇಳಕ್ಕೆ ನಿಂಗೆ ಫೀಸು ಕಟ್ಟಿದ್ದಾ ನಾನು

(ಚಿನ್ನು ಚಿಕ್ಕಪ್ಪನ ಮಗಳು. ಇಲ್ಲೇ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮೂರನೇ ವರ್ಷ ಓದ್ತಿದಾಳೆ.)

ನಾನು, 5:03
ಚಿಕ್ಕಪ್ಪ, ಬೇಜಾರು ಮಾಡ್ಕೋಬೇಡಿ. ನೂರು ಪ್ರಶ್ನೆ ಬೇಡ, ಒಂದು ಪ್ರಶ್ನೆಯಿಂದ ಏನಾಯ್ತು ಅಂತ ಹೇಳ್ತೀನಿ. ಹೋದ ತಿಂಗಳು ನೀವು ಬಂದಾಗ ಬಾಗಿಲಲ್ಲೇ ನಿಂತು ‘ಅಣ್ಣಯ್ಯ, ಇದು ಯಾವ ಊರು ಹೇಳು ನೋಡನ’ ಅಂದ್ರಿ. ಅಪ್ಪ ಒಂದು ನಿಮಿಷ ಕಿಟಕಿ ನೋಡಿದ್ರು, ‘ಶಿವಮೊಗ್ಗ’ ಅಂದ್ರು. ನೀವು ನಕ್ಕ್ರಿ. ಮಾರನೇ ದಿನ ಪಕ್ಕದ ಮನೆಯವರು ಬಂದ್ರು, ಅದೇ ಪ್ರಶ್ನೆ, ಅದೇ ಉತ್ತರ. ಆ ವಾರ ನಾಲ್ಕು ಜನ ಕೇಳಿದ್ರು. ಈಗ ದಿನಾ ಸಂಜೆ ಆರಾಗ್ತಿದ್ದ ಹಾಗೆ ಚಪ್ಪಲಿ ಮೆಟ್ಕೊಂಡು ಚೀಲ ಹಿಡ್ಕೊಂಡು ನಿಲ್ತಾರೆ. ಶಿವಮೊಗ್ಗದಿಂದ ಸಾಗರಕ್ಕೆ ಕೊನೇ ಬಸ್ ಹೋಗಿಬಿಡತ್ತಂತೆ. ಮೊನ್ನೆ ಸರ್ಕಲ್ ತನಕ ಹೋಗಿಬಿಟ್ಟಿದ್ರು. ಹೂವಿನ ಅಂಗಡಿಯವರು ಹಿಡಿದು ಕೂರಿಸಿ ಫೋನ್ ಮಾಡಿದ್ರು.

ಸಾಗರ ಚಿಕ್ಕಪ್ಪ, 5:05
ನಾನು ಕೇಳಿದ್ದಕ್ಕೆ ಹಾಗಾಯ್ತು ಅಂತೀಯಾ

ನಾನು, 5:06
ನೀವೊಬ್ರೇ ಅಲ್ಲ. ನಾನೂ ಮೊದಲ ಎರಡು ತಿಂಗಳು ದಿನಾ ಕೇಳಿದೀನಿ.

ಡಲ್ಲಾಸ್ ಭಾವ, 5:08
ಇಲ್ಲಿ ಬೆಳಿಗ್ಗೆ ಆರೂವರೆ, ಈಗ ಎದ್ದೆ. ಫಾರ್ವರ್ಡ್ ಭಾಷೆ ಸರಿ ಇಲ್ಲ ನಿಜ, ಆದ್ರೆ ವಿಷಯ ಪೂರ್ತಿ ಸುಳ್ಳಲ್ಲ. ಮೆದುಳು ಹೊಸ ದಾರಿ ಕಂಡ್ಕೊಳ್ಳತ್ತೆ, ನ್ಯೂರೋಪ್ಲಾಸ್ಟಿಸಿಟಿ. ಜಿಲ್ ಬೋಲ್ಟ್ ಟೇಲರ್ ಅಂತ ಇಲ್ಲಿನ ಮೆದುಳು ವಿಜ್ಞಾನಿ, 1996ರಲ್ಲಿ ಆಕೆಗೇ ಮೆದುಳಲ್ಲಿ ರಕ್ತಸ್ರಾವ ಆಯ್ತು. ಮಾತು, ಓದು, ಎಲ್ಲಾ ಹೋಯ್ತು. 8 ವರ್ಷದಲ್ಲಿ ಪೂರ್ತಿ ಸರಿಯಾದ್ರು. ಮಾವಂಗೆ ಒಳ್ಳೇ ಬ್ರೇನ್ ಟ್ರೇನಿಂಗ್ ಆಪ್ ಹಾಕ್ಕೊಡು, ಚಂದಾ ನಾನು ಕಟ್ತೀನಿ.

ಚಿನ್ನು, 5:11
ಭಾವ, ಅಂಥದೇ ಆಪ್ ಲುಮೋಸಿಟಿಯವರು 2016ರಲ್ಲಿ ನಿಮ್ಮ ದೇಶದಲ್ಲಿ ಗ್ರಾಹಕರಿಗೆ ಮೋಸ ಆಗದ ಹಾಗೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಟಿಸಿಗೆ 20 ಲಕ್ಷ ಡಾಲರ್ ಕಟ್ಟಿ ರಾಜಿ ಆದ್ರು. ಮರೆವು ತಡೀತೀವಿ ಅಂತ ಆಧಾರ ಇಲ್ಲದೆ ಜಾಹೀರಾತು ಕೊಟ್ಟಿದ್ದಕ್ಕೆ. ಆಟ ಆಡ್ತಾ ಆಡ್ತಾ ಆ ಆಟ ಚೆನ್ನಾಗಿ ಬರತ್ತೆ. ಮಾತ್ರೆ ತಗೊಂಡ್ನಾ ಇಲ್ವಾ ಅನ್ನೋದು ಅದರಿಂದ ನೆನಪಾಗಲ್ಲ.

ನಾನು, 5:12
ಮತ್ತೆ ಆ ಟೇಲರ್ ಅವರಿಗೆ ಆಗ 37 ವರ್ಷ. ಅವರಮ್ಮ ಬಂದು ಮಗಳ ಜೊತೆಗೇ ಇದ್ದು ಎಲ್ಲಾ ಮೊದಲಿಂದ ಕಲಿಸಿದ್ರು. ಕತೆಯ ಆ ಭಾಗ ಯಾರೂ ಫಾರ್ವರ್ಡ್ ಮಾಡಲ್ಲ ಭಾವ.

ಡಲ್ಲಾಸ್ ಭಾವ, 5:13
👍 ಒಪ್ಪಿದೆ

ಅಣ್ಣ ಬೆಂಗಳೂರು, 5:20
ಈಗ ನೋಡಿದೆ. ಒಂದು ನೇರ ಪ್ರಶ್ನೆ. ಅಪ್ಪ ಈಗ ಎಷ್ಟು ಪರ್ಸೆಂಟ್ ಸರಿಯಾಗಿದಾರೆ? ಆರು ತಿಂಗಳ ಮೇಲೆ ಇನ್ನೇನೂ ಬರಲ್ಲ ಅಂತಾರಲ್ಲ, ಅದು ನಿಜನಾ?

ಚಿನ್ನು, 5:24
ತಾನಾಗೇ ಸುಧಾರಿಸೋದು ಮೊದಲ ಮೂರರಿಂದ ಆರು ತಿಂಗಳಲ್ಲಿ ಜೋರು, ಆಮೇಲೆ ನಿಧಾನ ಆಗತ್ತೆ. ಅಲ್ಲಿಗೆ ಬಾಗಿಲು ಮುಚ್ಚತ್ತೆ ಅಂತಲ್ಲ. ಡೈರಿ ನೋಡೋ ಅಭ್ಯಾಸ, ಅಲಾರಂ ಕೇಳಿ ಏಳೋ ಅಭ್ಯಾಸ ಇವನ್ನೆಲ್ಲ ಆಮೇಲೂ ಕಲೀಬಹುದು.

ನಾನು, 5:31
ಪರ್ಸೆಂಟ್ ನಂಗೊತ್ತಿಲ್ಲ ಅಣ್ಣ. ಕಾಫಿ ಹೇಳ್ತೀನಿ. ಮಾರ್ಚಲ್ಲಿ ಫಿಲ್ಟರ್ ಕೈಲಿ ಹಿಡ್ಕೊಂಡು ಮುಂದೇನು ಅಂತ ಗೊತ್ತಾಗ್ದೆ ನಿಂತುಬಿಡ್ತಿದ್ರು. ಅಪ್ಪ! ನಲವತ್ತು ವರ್ಷ ಮನೇಲಿ ಡಿಕಾಕ್ಷನ್ ಹಾಕಿದವರು. ಒಂದು ಕಾರ್ಡಲ್ಲಿ ಆರು ಸಾಲು ಬರೆದು ಡಬ್ಬಕ್ಕೆ ಅಂಟಿಸ್ದೆ. ಪುಡಿ ಎರಡು ಚಮಚ, ಒತ್ತು, ಬಿಸಿನೀರು, ಮುಚ್ಚು, ಹಾಲು ಕಾಯಿಸು, ಒಲೆ ಆರಿಸು. ಈಗ ಮೊದಲ ಐದು ಕಾರ್ಡ್ ನೋಡ್ದೇ ಮಾಡ್ತಾರೆ. ಆರನೇದು ಇವತ್ತಿಗೂ ಆಗಿಲ್ಲ. ಅದಕ್ಕೇ ಗ್ಯಾಸ್ ಬಿಟ್ಟು, ಟೈಮರ್ ಇಟ್ರೆ ತಾನೇ ಆರೋ ಇಂಡಕ್ಷನ್ ಒಲೆ ತಂದಿದ್ದು. ಆದ್ರೆ ಕಾಫಿ ಮಾಡಿದ್ದು ಯಾರು ಅಂತ ಕೇಳಿದ್ರೆ ‘ನೀನೇ ಅಲ್ವಾ’ ಅಂತಾರೆ!

ಚಿನ್ನು, 5:34
ಅಕ್ಕ ಇದು ಪುಸ್ತಕದಲ್ಲಿರೋದೇ. ಹೆನ್ರಿ ಮೊಲೈಸನ್ ಅಂತ ಒಬ್ಬರಿಗೆ 1953ರಲ್ಲಿ ಫಿಟ್ಸ್ ನಿಲ್ಲಿಸಕ್ಕೆ ಮೆದುಳಿನ ಎರಡೂ ಕಡೆ ಹಿಪೊಕ್ಯಾಂಪಸ್ ಅನ್ನೋ ಭಾಗದ ದೊಡ್ಡ ಪಾಲು ತೆಗೆದ್ರು. ಆಮೇಲೆ ಹೊಸದೇನೂ ನೆನಪಿಲ್ಲ. ಬ್ರೆಂಡಾ ಮಿಲ್ನರ್ ಅನ್ನೋ ಮನಶ್ಶಾಸ್ತ್ರಜ್ಞೆ ಅವರಿಗೆ ಕನ್ನಡಿಯಲ್ಲಿ ನೋಡ್ಕೊಂಡು ನಕ್ಷತ್ರದ ಗೆರೆ ತಿದ್ದಕ್ಕೆ ಕೊಟ್ರು. ದಿನದಿಂದ ದಿನಕ್ಕೆ ಕೈ ಕುದುರ್ತು. ‘ನಾನು ಇದನ್ನ ಮಾಡೇ ಇಲ್ಲ’ ಅಂತಿದ್ರಂತೆ. ಕೈಗೆ ಬರೋ ಕಲಿಕೆ ಬೇರೆ, ಹೀಗಾಯ್ತು ಅಂತ ನೆನಪಿರೋದು ಬೇರೆ. ದೊಡ್ಡಪ್ಪಂಗೆ ಮೊದಲನೇದು ಚೆನ್ನಾಗಿದೆ.

ಸಾಗರ ಚಿಕ್ಕಪ್ಪ, 5:40
ನೆನಪಿಲ್ಲ ನೆನಪಿಲ್ಲ ಅಂತೀರಿ. ಹೋದ ಸಲ ನನ್ನೆದುರೇ ಆನಂದಪುರ, ಕುಂಸಿ, ತಾಳಗುಪ್ಪ, ಅಷ್ಟೂ ಪಿನ್‌ಕೋಡ್ ಪಟಪಟ ಹೇಳ್ದ. ನಂಗೆ ನನ್ನ ಬೈಕ್ ನಂಬರ್ ಬರಲ್ಲ. ಅಷ್ಟು ನೆನಪಿರೋನಿಗೆ ಬೆಳಿಗ್ಗೆ ತಿಂದ ರೊಟ್ಟಿ ನೆನಪಿಲ್ಲ ಅಂದ್ರೆ ಯಾರು ನಂಬ್ತಾರೆ. ಹೇಳಬಾರ್ದು ಅನ್ಕೊಂಡಿದ್ದೆ, ಹೇಳ್ತೀನಿ. ಅಣ್ಣಯ್ಯ ಊರಿನ ಭಟ್ಟರಿಗೆ ಫೋನ್ ಮಾಡಿ ‘ತಮ್ಮ ನಿನ್ನೆ ಬಂದು ತೋಟದ ಕಾಗದಕ್ಕೆ ಸಹಿ ಹಾಕಿಸ್ಕೊಂಡು ಹೋದ’ ಅಂದಿದಾನೆ. ನಾನು ಎರಡು ವಾರದಿಂದ ಸಾಗರ ಬಿಟ್ಟು ಕದಲಿಲ್ಲ. ಊರಲ್ಲಿ ಮುಖ ಎತ್ತೋ ಹಾಗಿಲ್ಲ. ಇದಕ್ಕೆ ಯಾವ ಪುಸ್ತಕದಲ್ಲಿ ಏನು ಹೆಸರು ಚಿನ್ನು?

ಹೊಸನಗರ ಅತ್ತೆ, 5:41
ಅಯ್ಯೋ

ಅಣ್ಣ ಬೆಂಗಳೂರು, 5:41
ಚಿಕ್ಕಪ್ಪ ಇದು ನಂಗೆ ಗೊತ್ತಿರ್ಲಿಲ್ಲ

ಚಿನ್ನು, 5:47
ಹೆಸರಿದೆ ಅಪ್ಪ. ಕನ್‌ಫ್ಯಾಬ್ಯುಲೇಶನ್. ದೊಡ್ಡಪ್ಪಂಗೆ ರಕ್ತನಾಳ ಒಡೆದ ಜಾಗದಲ್ಲಿ ಪೆಟ್ಟಾದವರಲ್ಲಿ ಇದು ಕಾಣ್ಸತ್ತೆ. ಮನಸ್ಸಿಗೆ ಬಂದಿದ್ದು ನಿಜವಾ, ಹಳೇದಾ, ಇವತ್ತಿಂದಾ ಅಂತ ತಾಳೆ ನೋಡೋ ಕೆಲಸ ಮೆದುಳಿನ ಮುಂಭಾಗದ್ದು. ಅದು ಕೆಟ್ಟಾಗ ಖಾಲಿ ಜಾಗಕ್ಕೆ ಹಳೇ ನೆನಪು ಬಂದು ಕೂರತ್ತೆ. ನೀವು ಸಹಿ ಹಾಕಿಸ್ಕೊಂಡಿದ್ದು ನಿಜವೇ, 1998ರಲ್ಲಿ, ತೋಟದ ಪಾಲಿನ ಹೊತ್ತಿಗೆ. ನೀವೇ ಹೇಳಿದ್ರಿ ನಂಗೆ. ದೊಡ್ಡಪ್ಪಂಗೆ ಅದು ನಿನ್ನೆ.

ನಾನು, 5:49
ಸುಳ್ಳು ಹೇಳೋರಿಗೆ ನಿಜ ಏನು ಅಂತ ಗೊತ್ತಿರತ್ತೆ ಚಿಕ್ಕಪ್ಪ. ಅಪ್ಪಂಗೆ ಗೊತ್ತಿಲ್ಲ. ಭಟ್ಟರಿಗೆ ನಾನು ಇವತ್ತೇ ಫೋನ್ ಮಾಡ್ತೀನಿ. ಮೊದಲೇ ಮಾಡ್ಬೇಕಿತ್ತು, ನಂಗೆ ಈಗ್ಲೇ ಗೊತ್ತಾಗಿದ್ದು. ಕ್ಷಮಿಸಿ.

(ಹದಿನೈದು ನಿಮಿಷ ಯಾರೂ ಏನೂ ಹಾಕಲಿಲ್ಲ. ಚಿಕ್ಕಪ್ಪ ಟೈಪ್ ಮಾಡ್ತಿದಾರೆ ಅಂತ ಬರೋದು, ನಿಲ್ಲೋದು.)

ಸಾಗರ ಚಿಕ್ಕಪ್ಪ, 6:04
ಈ ಮೆಸೇಜ್ ಅಳಿಸಲಾಗಿದೆ

ಸಾಗರ ಚಿಕ್ಕಪ್ಪ, 6:06
ಹಾಗಾದ್ರೆ ಏನೂ ಕೇಳಬಾರ್ದಾ? ಮೂಕರ ಹಾಗೆ ಕೂತ್ಕೋಬೇಕಾ?

ಚಿನ್ನು, 6:12
ಕೇಳಬಹುದು. ಉತ್ತರ ಮೊದಲು ಕೊಟ್ಟು ಆಮೇಲೆ. ‘ಅಣ್ಣಯ್ಯ, ಇದು ಮೈಸೂರು. ಯಾವ ಊರು?’ ಅರ್ಧ ನಿಮಿಷ ಬಿಟ್ಟು ಮತ್ತೆ. ಸರಿ ಬಂದ್ರೆ ಒಂದು ನಿಮಿಷ, ಎರಡು, ನಾಲ್ಕು, ಹೀಗೆ ಬಿಡುವು ಹಿಗ್ಗಿಸ್ತಾ ಹೋಗೋದು. ತಡವರಿಸಿದ್ರೆ ತಕ್ಷಣ ನೀವೇ ಹೇಳಿಬಿಡಿ, ಊಹೆ ಮಾಡಕ್ಕೆ ಬಿಡಬೇಡಿ. ನಮಗಾದ್ರೆ ತಪ್ಪು ಹೇಳಿದ್ದು ‘ಅದು ತಪ್ಪಾಗಿತ್ತು’ ಅಂತ ನೆನಪಿರತ್ತೆ. ಅವರಿಗೆ ಆ ನೆನಪು ಹೋಗತ್ತೆ, ಬಾಯಿಗೆ ಬಂದ ತಪ್ಪು ಉತ್ತರ ಮಾತ್ರ ಗಟ್ಟಿಯಾಗತ್ತೆ. ಬ್ಯಾಡ್ಲಿ ಮತ್ತೆ ವಿಲ್ಸನ್ ಅನ್ನೋರು 1994ರಲ್ಲೇ ತೋರ್ಸಿದ್ದು, ತಪ್ಪಿಲ್ಲದ ಕಲಿಕೆ ಅಂತ. ನಿಮ್ಮ ಫಾರ್ವರ್ಡಲ್ಲಿ ‘ಉತ್ತರ ಹೇಳಬೇಡಿ, ತಿಣುಕಲಿ’ ಅಂತಿದ್ಯಲ್ಲ, ಸರಿಯಾಗಿ ತಿರುಗುಮುರುಗು.

ಚಿನ್ನು, 6:14
ಆದ್ರೆ ಅಕ್ಕ, ನೀನೂ ಒಂದು ಮಾಡ್ತಿದೀಯ. ದೊಡ್ಡಪ್ಪ ಲೋಟ ಹುಡುಕೋ ಮೊದಲೇ ಲೋಟ ಕೈಗೆ ಬಂದಿರತ್ತೆ. ಮಾತ್ರೆ ನೀನೇ ಬಾಯಿಗೆ ಹಾಕ್ತೀಯ. ಡೈರಿಯಲ್ಲಿ ಅರ್ಧ ನಿನ್ನ ಅಕ್ಷರ. ಅವರ ಅಕ್ಷರದಲ್ಲಿ ಇಲ್ದಿದ್ರೆ ಅದನ್ನ ಅವರು ನಂಬಲ್ಲ.

ನಾನು, 6:15
ರಾತ್ರಿ ಮೂರು ಸಲ ಏಳೋಳು ನಾನು ಚಿನ್ನು. ಬೆಳಿಗ್ಗೆ ಅವರು ಲೋಟ ಹುಡುಕೋ ತನಕ ಕಾಯ್ತಾ ಕೂರಕ್ಕೆ ನಂಗೆ ಹೊತ್ತಿಲ್ಲ.

ಚಿನ್ನು, 6:16
ಗೊತ್ತು ಅಕ್ಕ. ತಪ್ಪು ಅಂತ ಹೇಳಿದ್ದಲ್ಲ

ಅಣ್ಣ ಬೆಂಗಳೂರು, 6:21
ರಾತ್ರಿಗೆ ಒಬ್ಬರನ್ನ ಇಡೋಣ. ಖರ್ಚು ನಂದು. ಮೊದಲೇ ಯಾಕೆ ಹೇಳ್ಲಿಲ್ಲ ನೀನು

ನಾನು, 6:22
ನೀನು ಪರ್ಸೆಂಟ್ ಕೇಳ್ತಿದ್ದೆ.

ಹೊಸನಗರ ಅತ್ತೆ, 6:25
ಜಗಳ ಸಾಕು. ಒಂದೆಲಗದ ವಿಷಯ ಯಾರೂ ಹೇಳ್ಲೇ ಇಲ್ಲ. ನಮ್ಮಮ್ಮ ಪರೀಕ್ಷೆ ಹೊತ್ತಿಗೆ ನಮಗೆಲ್ಲ ಕೊಡ್ತಿದ್ರು. ಅಣ್ಣಯ್ಯ ಎಸ್ಸೆಸ್ಸೆಲ್ಸಿ ಪಾಸಾಗಿದ್ದು ಅದರಲ್ಲೇ

ಚಿನ್ನು, 6:29
ತಂಬುಳಿ ಮಾಡಿ ಅತ್ತೆ, ಊಟಕ್ಕೆ ಏನೂ ತೊಂದ್ರೆ ಇಲ್ಲ. ಪುಡಿ ಮಾತ್ರ ಬೇಡ, ದೊಡ್ಡಪ್ಪ ಫಿಟ್ಸ್ ಮಾತ್ರೆ ತಗೊಳ್ತಿದಾರೆ, ಡಾಕ್ಟರನ್ನ ಕೇಳ್ದೆ ಏನೂ ಸೇರಿಸಬಾರ್ದು. ಇನ್ನೊಂದು, ಬ್ರಾಹ್ಮಿ ಅಂತ ಸೀಸೆಯಲ್ಲಿ ಮಾರೋದು ಎಷ್ಟೋ ಸಲ ನೀರುಬ್ರಾಹ್ಮಿ, ಬೇರೆಯದೇ ಗಿಡ. ನಿಮ್ಮ ತೋಟದ್ದೇ ಅಲ್ಲ ಅದು 😀

ನಿಮ್ಮಿಂದ ಬೇರೆ ಎರಡು ಕೆಲಸ ಆಗ್ಬೇಕು. ಒಂದು, ದೊಡ್ಡಪ್ಪಂಗೆ ಇಷ್ಟದ ಹಾಡು ಯಾವುದು ಅಂತ ನಿಮಗೇ ಗೊತ್ತಿರೋದು, ಹಾಡಿ ವಾಯ್ಸ್ ಕಳಿಸಿ. ಹೆಲ್ಸಿಂಕಿಯಲ್ಲಿ ಸ್ಟ್ರೋಕ್ ಆದ 60 ಜನರನ್ನ ಮೂರು ಗುಂಪು ಮಾಡಿ ಎರಡು ತಿಂಗಳು ನೋಡಿದ್ರು. ಒಂದು ಗುಂಪಿಗೆ ದಿನಾ ತಮಗಿಷ್ಟದ ಹಾಡು, ಒಂದಕ್ಕೆ ಕತೆ ಓದಿದ ಆಡಿಯೋ, ಒಂದಕ್ಕೆ ಏನಿಲ್ಲ. ಕೇಳಿದ ಮಾತು ನೆನಪಿಟ್ಕೊಳ್ಳೋದು, ಗಮನ, ಎರಡೂ ಹಾಡಿನ ಗುಂಪಲ್ಲಿ ಹೆಚ್ಚು ಸುಧಾರಿಸ್ತು. 2008ರಲ್ಲಿ ಬಂತು. ದೊಡ್ಡಪ್ಪನದು ಬೇರೆ ಥರದ ಪೆಟ್ಟು, ಅದೇ ಫಲ ಸಿಗತ್ತೆ ಅಂತ ಹೇಳಲ್ಲ. ಆದ್ರೆ ನಷ್ಟ ಏನಿದೆ?
ಎರಡು, ಬರುವಾಗ ಹೆಸರುಕಾಳು, ಅಲಸಂದೆ, ಕಡಲೆ ಬೆರೆಸಿ ಒಂದು ಸೇರು ತನ್ನಿ.

ಹೊಸನಗರ ಅತ್ತೆ, 6:30
ಬೆರಸದು ಯಾಕೆ?

ಚಿನ್ನು, 6:31
ದೊಡ್ಡಪ್ಪ ಬೇರೆ ಮಾಡಕ್ಕೆ. ಗಮನ ನಿಲ್ಲೋ ಅಭ್ಯಾಸಕ್ಕೆ ನಿಮ್ಹಾನ್ಸ್‌ನವರು ಕಾಳು ಆರಿಸೋದನ್ನೂ ಮಾಡಿಸಿದಾರೆ. ಮೊದಲ ದಿನ ಹತ್ತು ನಿಮಿಷ, ಆಮೇಲೆ ಹೆಚ್ಚು.

ಹೊಸನಗರ ಅತ್ತೆ, 6:32
ಇದಕ್ಕೆ ಡಾಕ್ಟ್ರು ಬೇಕಾ, ನಾನು ಅರವತ್ತು ವರ್ಷದಿಂದ ಅಕ್ಕಿ ಆರಿಸ್ತಿದೀನಿ

ಡಲ್ಲಾಸ್ ಭಾವ, 6:33
ಅದಕ್ಕೇ ಅಮ್ಮಂಗೆ ನನ್ನ ಹತ್ತನೇ ಕ್ಲಾಸ್ ಮಾರ್ಕ್ಸು ಇನ್ನೂ ನೆನಪಿರೋದು 😂

ನಾನು, 6:41
ಚಿಕ್ಕಪ್ಪ, ಪಿನ್‌ಕೋಡ್ ವಿಷಯ. ನೀವು ಅದನ್ನ ನಾಟಕ ಅಂದ್ಕೊಂಡ್ರಿ, ನಂಗೂ ಮೊದಲು ಹಾಗೇ ಅನ್ನಿಸ್ತು. ಅಪ್ಪ ಟಪಾಲು ಇಲಾಖೆ ಸೇರಿದಾಗ ಪಿನ್‌ಕೋಡ್ ಬಂದು ನಾಲ್ಕೇ ವರ್ಷ, 1972ರಲ್ಲಿ ಶುರುವಾಗಿದ್ದು. ಮೂವತ್ತೆಂಟು ವರ್ಷ ದಿನಾ ಕಣ್ಣೆದುರು ಹಾದುಹೋದ ಅಂಕಿ ಅಷ್ಟು ಸುಲಭಕ್ಕೆ ಅಳಿಸಲ್ಲ. ನಿನ್ನೆ ಚಿನ್ನು ಬಂದಾಗ ಒಂದು ಉಪಾಯ ಮಾಡಿದ್ಲು. ಬಾಗಿಲ ಒಳಗಡೆ, ಚಪ್ಪಲಿ ಗೂಡಿನ ಮೇಲೆ, ಇನ್‌ಲ್ಯಾಂಡ್ ಲೆಟರಲ್ಲಿ ಇರೋ ಹಾಗೆ ಆರು ಚೌಕ ಬರೆದು 570023 ತುಂಬಿ ಅಂಟಿಸಿದ್ಲು. ಊರ ಹೆಸರು ಬರೀಲಿಲ್ಲ. ಸಂಜೆ ಆರಕ್ಕೆ ಅಪ್ಪ ಚೀಲ ತಗೊಂಡು ಬಂದ್ರು. ಚಪ್ಪಲಿಗೆ ಬಗ್ಗಿದ್ರು. ನೋಡಿದ್ರು. ಬೆರಳಿಟ್ಟು ಮೊದಲ ಮೂರು ಅಂಕಿ ಓದಿದ್ರು. ‘ಐನೂರ ಎಪ್ಪತ್ತು. ಮೈಸೂರು ಇದು. ಶಿವಮೊಗ್ಗ ಐನೂರ ಎಪ್ಪತ್ತೇಳು ಅಲ್ವನೇ?’ ಅಂತ ನನ್ನ ಕೇಳಿದ್ರು. ಚೀಲ ಕೆಳಗಿಟ್ರು.

ಅಣ್ಣ ಬೆಂಗಳೂರು, 6:42
😮

ನಾನು, 6:43
ಇವತ್ತು ಮತ್ತೆ ಚೀಲ ಹಿಡ್ಕೊಂಡು ಬಂದ್ರು, ನೀವೆಲ್ಲ ಜಗಳ ಆಡ್ತಿದ್ದಾಗಲೇ. ಚೌಕ ನೋಡ್ದೇ ಬಾಗಿಲು ತೆಗೆದ್ರು. ನಾನು ಕೈ ಹಿಡಿದು ತೋರಿಸ್ಬೇಕಾಯ್ತು.

ಸಾಗರ ಚಿಕ್ಕಪ್ಪ, 7:10
ಶನಿವಾರ ಬೆಳಿಗ್ಗೆ ಬಸ್ಸಿಗೆ ಹೊರಡ್ತೀನಿ. ಎರಡು ರಾತ್ರಿ ಇರ್ತೀನಿ, ನೀನು ಮಲಕ್ಕೋ. ಬಂದ ಕೂಡ್ಲೇ ‘ಅಣ್ಣಯ್ಯ, ನಾನು ಸಾಗರದಿಂದ ಬಂದೆ, ಇದು ಮೈಸೂರು’ ಅಂತ ನಾನೇ ಹೇಳ್ಬೇಕು. ಅಷ್ಟೇ ತಾನೇ?

ಚಿನ್ನು, 7:11
ಅಷ್ಟೇ ಅಪ್ಪ ❤️

ಸಾಗರ ಚಿಕ್ಕಪ್ಪ, 7:12
ಪಿನ್‌ಕೋಡ್ ಆದ್ರೂ ಕೇಳಬಹುದಾ?

ನಾನು, 7:12
ಅದನ್ನ ಎಷ್ಟು ಬೇಕಾದ್ರೂ ಕೇಳಿ. ತೀರ್ಥಹಳ್ಳಿ ಮಾತ್ರ ಊಟ ಆದ್ಮೇಲೆ ಕೇಳಿ. ಸಬ್ ಆಫೀಸು, ಬ್ರಾಂಚ್ ಆಫೀಸು, ಎಲ್ಲಾ ಹೇಳಿ ಮುಗಿಸೋ ತನಕ ಎಲೆ ಮುಂದೆ ಕೂರಲ್ಲ.

ಹೊಸನಗರ ಅತ್ತೆ, 7:15
ನಮ್ಮದು 577418 ತಾನೇ? ಅಣ್ಣಯ್ಯನ ಹತ್ರ ಸರಿಯಾ ಅಂತ ಕೇಳಿ ಹೇಳು ಕೂಸೇ